ಅಡಿಲೇಡ್‌ನಿಂದ ಡಾರ್ವಿನ್‌ಗೆ ಬಸ್ಸಲ್ಲೇ ಹೋದ್ರೆ ಹೇಗೆ? ಹೋಗಿ ಬಂದವರು ಹೇಳಿ

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಅಡಿಲೇಡ್‌ನಲ್ಲಿ ಓದು ಮುಗೀತು, ಡಾರ್ವಿನ್‌ನಲ್ಲಿ ಕೆಲಸ ಸಿಕ್ತು, ಫೆಬ್ರವರಿ ಮೊದಲ ವಾರ ಸೇರಬೇಕು. ವಿಮಾನ ಹತ್ತಿದ್ರೆ ನಾಲ್ಕು ಗಂಟೆ ಒಳಗೆ ಅಲ್ಲಿರ್ತೀನಿ, ಗೊತ್ತು. ಆದ್ರೆ ನಕ್ಷೆ ತೆಗೆದು ನೋಡಿದಾಗಿಂದ ತಲೇಲಿ ಹುಳ ಕೊರೀತಿದೆ. ಪೋರ್ಟ್ ಅಗಸ್ಟಾ, ಕೂಬರ್ ಪೀಡಿ, ಆಲಿಸ್ ಸ್ಪ್ರಿಂಗ್ಸ್, ಟೆನೆಂಟ್ ಕ್ರೀಕ್, ಕ್ಯಾಥರಿನ್, ಹೀಗೆ ಸ್ಟುವರ್ಟ್ ಹೆದ್ದಾರಿ ಹಿಡಿದು ಆಸ್ಟ್ರೇಲಿಯಾದ ನಟ್ಟನಡುವೆ ಬಸ್ಸಲ್ಲೇ ಹಾದು ಹೋಗಬೇಕು ಅಂತ.

ಇಲ್ಲಿ ರೂಮಿನವರೆಲ್ಲ "ಅಲ್ಲೇನಿದೆ ಮಣ್ಣು" ಅಂತ ನಗ್ತಿದ್ದಾರೆ. ನಂಗೆ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಇಲ್ಲ, ಹಾಗಾಗಿ ಬಾಡಿಗೆ ಕಾರಿನ ಮಾತು ಬೇಡ. ಜನವರಿ ಮೂರನೇ ವಾರ ಹೊರಡೋ ಯೋಚನೆ. ಒಂದೇ ಉಸಿರಿಗೆ ಹೋಗೋದಾ, ನಡುವೆ ಇಳಿದು ಹೋಗೋದಾ? ಇಳಿದ್ರೆ ಎಲ್ಲಿ? ಊಟದ ಕಥೆ ಏನು? ನಾನು ಸಸ್ಯಾಹಾರಿ.

ಗೊಡ್ಡುವಾದಿ

ರೂಮಿನವರು ಸರಿಯಾಗೇ ಹೇಳಿದ್ದಾರೆ. ವಿಮಾನ ಹತ್ತಪ್ಪ.

ಕೆಂಪುಮಣ್ಣು

ಆಲಿಸ್‌ನಲ್ಲಿ ಸಾಕಷ್ಟು ವರ್ಷ ಇದ್ದವಳು, ಈ ದಾರಿ ಚೆನ್ನಾಗಿ ಗೊತ್ತು. ಖಂಡಿತ ಹೋಗಬಹುದು. ಆದ್ರೆ ಏನು ಸಿಗುತ್ತೆ, ಏನು ಸಿಗಲ್ಲ ಅಂತ ತಿಳ್ಕೊಂಡು ಹೊರಡಿ.

ಅಡಿಲೇಡ್‌ನಿಂದ ಆಲಿಸ್ 1,500 ಕಿ.ಮೀ. ಮೇಲೆ, ಬಸ್ಸಲ್ಲಿ ಹತ್ತಿರ ಹತ್ತಿರ 20 ಗಂಟೆ. ಆಲಿಸ್‌ನಿಂದ ಡಾರ್ವಿನ್ ಮತ್ತೆ ಅಷ್ಟೇ ದೂರ, ಸಮಯ ಇನ್ನೂ ಸ್ವಲ್ಪ ಜಾಸ್ತಿ. ಒಂದೇ ಏಟಿಗೆ ಎರಡನ್ನೂ ಕಟ್ಟಿಕೊಂಡ್ರೆ ಡಾರ್ವಿನ್ ಮುಟ್ಟೋ ಹೊತ್ತಿಗೆ ನೀವು ಏನು ನೋಡಿದ್ರಿ ಅಂತ ನಿಮಗೇ ನೆನಪಿರಲ್ಲ. ಆಲಿಸ್‌ನಲ್ಲಿ ಇಳೀಲೇಬೇಕು. ಸಾಧ್ಯ ಆದ್ರೆ ಕೂಬರ್ ಪೀಡಿಯಲ್ಲೂ, ಕ್ಯಾಥರಿನ್‌ನಲ್ಲೂ.

ಇನ್ನೊಂದು ಮಾತು. ಇದು ಪ್ರವಾಸದ ಬಸ್ ಅಲ್ಲ. "ಅಗೋ ನೋಡಿ" ಅಂತ ಯಾರೂ ನಿಲ್ಲಿಸಲ್ಲ. ಟೆನೆಂಟ್ ಕ್ರೀಕ್‌ಗೆ 100 ಕಿ.ಮೀ. ಮುಂಚೆ ಕಾರ್ಲು ಕಾರ್ಲು ಬರುತ್ತೆ, ಡೆವಿಲ್ಸ್ ಮಾರ್ಬಲ್ಸ್ ಅಂತ ಬರೆದಿರ್ತಾರಲ್ಲ, ಆ ದುಂಡು ಬಂಡೆಗಳು. ಫೋಟೋದಲ್ಲಿ ನೋಡಿ ಆಸೆಪಟ್ಟು ಬಂದಿರ್ತೀರ, ಬಸ್ಸು ಸುಮ್ನೆ ದಾಟ್ಕೊಂಡು ಹೋಗುತ್ತೆ. ಅದು ರಾತ್ರಿ ಹೊತ್ತಾಗಿದ್ರೆ ಅದೂ ಇಲ್ಲ. ಹಾಗಾಗಿ ಯಾವ ತುಂಡು ಹಗಲಲ್ಲಿ ಸಾಗುತ್ತೆ, ಯಾವುದು ರಾತ್ರಿಯಲ್ಲಿ ಅಂತ ವೇಳಾಪಟ್ಟಿ ಎದುರಿಗಿಟ್ಕೊಂಡು ಲೆಕ್ಕ ಹಾಕಿ. ದಿನಾ ಬಸ್ ಇದ್ದೇ ಇರುತ್ತೆ ಅಂದ್ಕೋಬೇಡಿ. ಎಲ್ಲೇ ಇಳಿಯೋದಿದ್ರೂ ಅಲ್ಲಿಂದ ಮುಂದಿನ ಬಸ್ ಯಾವತ್ತು ಅಂತ ಮೊದಲು ನೋಡಿ, ಆಮೇಲೆ ರೂಮ್ ಬುಕ್ ಮಾಡಿ.

ಲೆಕ್ಕದ_ಮೇಷ್ಟ್ರು

20 ಗಂಟೆ ಯಾಕೆ ಬೇಕು? ನಾರ್ದರ್ನ್ ಟೆರಿಟರಿ ಒಳಗೆ ವೇಗದ ಮಿತಿ 130. ಆಲಿಸ್‌ನಿಂದ ಡಾರ್ವಿನ್‌ಗೆ ಹನ್ನೆರಡು ಗಂಟೆ ಸಾಕಲ್ಲ.

ಟಾಪ್‌ಗೇರು

@ಲೆಕ್ಕದ_ಮೇಷ್ಟ್ರು ಆ 130 ಕಾರಿಗೆ ಸ್ವಾಮಿ, ಬಸ್ಸಿಗಲ್ಲ. ಇಲ್ಲಿ ದೊಡ್ಡ ಬಸ್ಸು, ಲಾರಿಗಳಿಗೆ 100ಕ್ಕೆ ಲಿಮಿಟರ್ ಕೂರಿಸಿರ್ತಾರೆ. ಕಾಲು ಎಷ್ಟು ಒತ್ತಿದ್ರೂ ಅದರ ಮೇಲೆ ಹೋಗಲ್ಲ. ಜೊತೆಗೆ ಊಟಕ್ಕೆ, ಡೀಸೆಲ್‌ಗೆ, ಡ್ರೈವರ್ ಬದಲಾವಣೆಗೆ, ಪಾರ್ಸೆಲ್ ಇಳಿಸೋಕೆ ಅಂತ ನಿಲ್ಲಿಸ್ತಾ ಹೋಗಬೇಕು. ಹನ್ನೆರಡು ಗಂಟೆ ಕನಸಲ್ಲಿ.

ಈ ದಾರಿಯಲ್ಲಿ ಹೆವಿ ವೆಹಿಕಲ್ ಓಡಿಸಿದವನು ಹೇಳ್ತಿದೀನಿ, ಇಲ್ಲಿ ವೇಗ ತೊಂದರೆ ಕೊಡಲ್ಲ, ಮುಸ್ಸಂಜೆ ಕೊಡುತ್ತೆ. ಹೊತ್ತು ಮುಳುಗೋವಾಗ, ಹುಟ್ಟೋವಾಗ ಕಾಂಗರೂ ರಸ್ತೆಗೆ ಬರ್ತವೆ. ರಸ್ತೆ ಅಂಚಲ್ಲಿ ಸ್ವಲ್ಪ ನೀರು ನಿಂತು ಹುಲ್ಲು ಹಸಿರಾಗಿರುತ್ತೆ, ಅದನ್ನ ಮೇಯೋಕೆ. ಬಸ್ ಮುಂದೆ ದಪ್ಪ ಕಬ್ಬಿಣದ ಬುಲ್‌ಬಾರ್ ಇರೋದು ಶೋಕಿಗಲ್ಲ. "ಧಡ್" ಅಂತ ಶಬ್ದ ಬಂದ್ರೆ ಗಾಬರಿ ಆಗ್ಬೇಡಿ. ಡ್ರೈವರ್ ಸ್ಟೀರಿಂಗ್ ಎಳೆಯಲ್ಲ, ಎಳೆದ್ರೆ ಬಸ್ಸೇ ಪಲ್ಟಿ. ನೇರ ಹೋಗಿ, ಮುಂದೆ ಎಲ್ಲಾದ್ರೂ ನಿಲ್ಲಿಸಿ ಟಾರ್ಚ್ ಹಿಡಿದು ರೇಡಿಯೇಟರ್ ನೋಡ್ತಾನೆ.

ರೋಡ್ ಟ್ರೇನ್ ಬಗ್ಗೆನೂ ಹೇಳ್ಬಿಡ್ತೀನಿ. ಒಂದು ಲಾರಿ ಹಿಂದೆ ಮೂರು ಟ್ರೇಲರ್, ಒಟ್ಟು 53.5 ಮೀಟರ್ ತನಕ ಉದ್ದ. ಎದುರಿಂದ ಬಂದು ದಾಟಿದಾಗ ಗಾಳಿಗೆ ಬಸ್ ಒಂದು ಸಲ ಪಕ್ಕಕ್ಕೆ ತಳ್ಳಿದ ಹಾಗೆ ಆಗುತ್ತೆ. ಮಲಗಿರೋರೂ ಎದ್ದು ಕೂರ್ತಾರೆ.

ಹುಬ್ಬಳ್ಳಿಯಾಕಿ

ನಾ ಒಂದ ಮಾತ ಕೇಳ್ತೀನಿ, ನಗಬ್ಯಾಡ್ರಿ. ಆಲಿಸ್ ಸ್ಪ್ರಿಂಗ್ಸ್‌ದಾಗ ಇಳದ್ರ ಉಲುರು ಅನ್ನೋ ಆ ದೊಡ್ಡ ಬಂಡೆಗಲ್ಲು ಅಲ್ಲೇ ಬಾಜೂಕ ಐತಲ್ರಿ? ಮುಂಜಾನೆ ಹೋಗಿ ಸಂಜೀಕ ಬಂದು ಮತ್ತ ಬಸ್ ಹತ್ತಬಹುದಲ್ಲ?

ಕೆಂಪುಮಣ್ಣು

ನಗೋದೇನಿಲ್ಲಮ್ಮ, ಅರ್ಧ ಪ್ರಪಂಚ ಹಾಗೇ ಅಂದ್ಕೊಂಡಿದೆ. ಆಲಿಸ್‌ನಿಂದ ಉಲುರು ಸುಮಾರು 450 ಕಿ.ಮೀ. ಆಲಿಸ್‌ಗೆ ಇನ್ನೂ 200 ಕಿ.ಮೀ. ಇದೆ ಅನ್ನೋವಾಗ ಎರ್ಲ್‌ಡುಂಡ ಅಂತ ಕವಲು ಸಿಗುತ್ತೆ. ಅಲ್ಲಿಂದ ಪಶ್ಚಿಮಕ್ಕೆ ಲ್ಯಾಸೆಟರ್ ಹೆದ್ದಾರಿಯಲ್ಲಿ ಇನ್ನೂ 240 ಕಿ.ಮೀ. ಮೇಲೆ ಹೋಗಬೇಕು. ಬಸ್ಸು ಆ ಕವಲು ದಾಟಿ ನೇರ ಆಲಿಸ್‌ಗೆ ಬಂದುಬಿಡುತ್ತೆ. ಒಂದು ದಿನದಲ್ಲಿ ಹೋಗಿ ಬರೋ ಟೂರುಗಳೂ ಇವೆ, ಹೊತ್ತು ಹುಟ್ಟೋ ಮುಂಚೆ ಎಬ್ಬಿಸಿ ನಡುರಾತ್ರಿಗೆ ವಾಪಸ್ ತಂದು ಬಿಡ್ತಾರೆ. ನನ್ನ ಕೇಳಿದ್ರೆ ಉಲುರುಗೆ ಹೋಗೋದಾದ್ರೆ ಒಂದು ರಾತ್ರಿ ಅದರ ಹತ್ತಿರದ ಊರು ಯುಲಾರದಲ್ಲಿ ಉಳೀರಿ, ಇಲ್ಲಾಂದ್ರೆ ಇನ್ನೊಂದು ಸಲಕ್ಕೆ ಇಟ್ಕೊಳ್ಳಿ. ಮತ್ತೆ, ಹತ್ತೋ ಆಸೆ ಇದ್ರೆ ಬಿಟ್ಟುಬಿಡಿ. 2019ರ ಅಕ್ಟೋಬರ್‌ನಿಂದ ಆ ಬಂಡೆ ಹತ್ತೋದು ನಿಷೇಧ. ಆ ಜಾಗ ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಪವಿತ್ರ.

ಹುಬ್ಬಳ್ಳಿಯಾಕಿ

ಅಬ್ಬಬ್ಬಾ, 450! ನಕ್ಷಾದಾಗ ಒಂದ ಬೊಟ್ಟಿನಷ್ಟ ಕಾಣ್ತೈತಿ.

ಕಡಲತಡಿ

ಜನವರಿಯಲ್ಲಿ ಹೋಗುವುದಾ ಮಾರಾಯ್ರೆ? ಅದೊಂದನ್ನು ಯಾರೂ ಹೇಳಲೇ ಇಲ್ಲವಲ್ಲ. ಕೂಬರ್ ಪೀಡಿಯಲ್ಲಿ 45 ಡಿಗ್ರಿ ತನಕ ಹೋಗುವ ಕಾಲ ಅದು. ಮೇಲೆ ಕ್ಯಾಥರಿನ್, ಡಾರ್ವಿನ್ ಕಡೆ ಮಳೆಗಾಲ. ಎರಡೂ ಒಟ್ಟಿಗೇ.

2022ರ ಜನವರಿ ಕೊನೆ ನೆನಪಿಲ್ಲವಾ? ಮರುಭೂಮಿಯಲ್ಲೇ ಮಳೆ ಹೊಡೆದು ಕೂಬರ್ ಪೀಡಿಯ ದಕ್ಷಿಣಕ್ಕೆ ಗ್ಲೆಂಡಾಂಬೊ ಕಡೆ ಹೆದ್ದಾರಿ ನೀರಲ್ಲಿ ಮುಳುಗಿತ್ತು. ರೈಲು ಹಳಿಯೂ ಕೊಚ್ಚಿಹೋಯಿತು. ಕೂಬರ್ ಪೀಡಿಗೆ ವಾಯುಪಡೆಯ ವಿಮಾನದಲ್ಲಿ ದಿನಸಿ ಕಳಿಸಿದರು. ದೇಶದ ದಕ್ಷಿಣಕ್ಕೂ ಉತ್ತರಕ್ಕೂ ನಡುವೆ ಇರುವುದೇ ಒಂದು ಡಾಂಬರು ರಸ್ತೆ. ಅದು ಮುಚ್ಚಿದರೆ ಬಳಸಿ ಹೋಗಲು ಪಕ್ಕದ ರಸ್ತೆ ಅಂತ ಇಲ್ಲ. ಸುತ್ತು ಹಾಕಬೇಕು ಅಂದರೆ ಬೇರೆ ರಾಜ್ಯದ ಮೂಲಕ ಸಾವಿರಾರು ಕಿ.ಮೀ.

ಕೆಲಸಕ್ಕೆ ಸೇರುವ ದಿನಕ್ಕೂ ಬಸ್ ಮುಟ್ಟುವ ದಿನಕ್ಕೂ ಒಂದು ವಾರದ ಅಂತರ ಇಟ್ಟುಕೊಳ್ಳಿ. ಹೊರಡುವ ಮುಂಚೆ ಎರಡೂ ಕಡೆಯ ಸರ್ಕಾರಿ ರಸ್ತೆ ಮಾಹಿತಿ ನೋಡಿ.

ಗೊಡ್ಡುವಾದಿ

ನಾನು ಒಂದೇ ಸಾಲಲ್ಲಿ ಹೇಳಿದ್ದನ್ನ ಇವರು ಮೂರು ಪ್ಯಾರಾದಲ್ಲಿ ಹೇಳಿದ್ರು. ವಿಮಾನ ಹತ್ತಿ.

ಮೈಸೂರ್_ಮಾವ

ವಿಮಾನದಲ್ಲಿ ಹೋದರೆ ಮೋಡ ಕಾಣುತ್ತೆ, ಮೋಡ ಇಲ್ಲದಿದ್ದರೆ ಕೆಂಪು ಕಾಣುತ್ತೆ. ಅದಕ್ಕೆ ದುಡ್ಡು ಕೊಡಬೇಕೆ?

ಈ ಹುಡುಗನ ಆಸೆ ನನಗೆ ಅರ್ಥ ಆಗುತ್ತೆ. ಆ ದಾರಿ ಸುಮ್ಮನೆ ಆಗಿದ್ದಲ್ಲ. ಜಾನ್ ಮೆಕ್‌ಡೂಲ್ ಸ್ಟುವರ್ಟ್ ಅನ್ನೋ ಸ್ಕಾಟ್ಲೆಂಡಿನ ಮನುಷ್ಯ ಸೋತು ಸೋತು ಹಿಂದಿರುಗಿ, ಕೊನೆಗೆ 1862ರ ಜುಲೈಯಲ್ಲಿ ಉತ್ತರದ ಕಡಲು ಮುಟ್ಟಿದ. ಅವನ ಜಾಡು ಹಿಡಿದು ಹತ್ತೇ ವರ್ಷದಲ್ಲಿ, 1872ಕ್ಕೆ, ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ತಂತಿ ಎಳೆದರು. ಟೆಲಿಗ್ರಾಫ್ ತಂತಿ. ಆಲಿಸ್ ಸ್ಪ್ರಿಂಗ್ಸ್, ಬ್ಯಾರೋ ಕ್ರೀಕ್, ಟೆನೆಂಟ್ ಕ್ರೀಕ್ ಎಲ್ಲ ಶುರುವಾಗಿದ್ದೇ ಆ ತಂತಿಯ ಠಾಣೆಗಳಾಗಿ. ಆಮೇಲೆ 1942ರಲ್ಲಿ ಜಪಾನಿನವರು ಡಾರ್ವಿನ್ ಮೇಲೆ ಬಾಂಬು ಹಾಕಿದರಲ್ಲ, ಆ ಯುದ್ಧದ ಕಾಲದಲ್ಲಿ ಸೈನ್ಯದ ಲಾರಿಗಳಿಗೆ ಅಂತ ಉತ್ತರದ ರಸ್ತೆ ಗಟ್ಟಿಯಾಗಿದ್ದು. ಡಾರ್ವಿನ್ ಹತ್ತಿರ ಬಂದಾಗ ಹೆದ್ದಾರಿ ಪಕ್ಕದಲ್ಲೇ ಆ ಕಾಲದ ವಿಮಾನದ ಪಟ್ಟಿಗಳು ಈಗಲೂ ಇವೆ, ಗಮನಿಸಿ. ದಕ್ಷಿಣದ ಭಾಗ ಮಾತ್ರ ಮಣ್ಣಿನ ರಸ್ತೆಯಾಗೇ ಉಳಿದಿತ್ತು. ಅಲ್ಲಿ ಪೂರ್ತಿ ಡಾಂಬರು ಬಿದ್ದಿದ್ದು 1987ಕ್ಕೆ.

ಆದರೂ ನನ್ನ ಸಲಹೆ ಕೇಳಿದರೆ ರೈಲು. ಘಾನ್. 2,979 ಕಿ.ಮೀ., ಮಲಗಿಕೊಂಡು ಹೋಗಬಹುದು.

ಲೆಕ್ಕದ_ಮೇಷ್ಟ್ರು

ಮಾವ, ಘಾನ್ ಟಿಕೆಟ್ ದರ ನೋಡಿದೀರಾ? ಬಸ್ಸಿನ ಎಷ್ಟೋ ಪಟ್ಟು. ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರ್ತಿರೋ ಹುಡುಗ, ಮೊದಲ ಸಂಬಳನೂ ಬಂದಿಲ್ಲ.

ಮೈಸೂರ್_ಮಾವ

ಅದು ನಿಜ. ಅದೀಗ ರೈಲಲ್ಲ, ಚಲಿಸುವ ಹೋಟೆಲ್ಲು. 1929ರಲ್ಲಿ ಆಲಿಸ್‌ಗೆ ಮೊದಲು ಬಂದಾಗ ಹಾಗಿರಲಿಲ್ಲ, ಮಳೆ ಬಂದರೆ ಹಳಿ ಕೊಚ್ಚಿಹೋಗಿ ಎಲ್ಲೋ ನಡುದಾರಿಯಲ್ಲಿ ದಿನಗಟ್ಟಲೆ ನಿಲ್ಲುತ್ತಿತ್ತಂತೆ. ಡಾರ್ವಿನ್‌ಗೆ ಹಳಿ ಮುಟ್ಟಿದ್ದು 2004ರಲ್ಲಿ. ರೈಲಿಗೂ ಮುಂಚೆ ಒಂಟೆಗಳು. "ಅಫ್ಘಾನರು" ಅಂತ ಒಟ್ಟಾಗಿ ಕರೀತಿದ್ದರು, ಆದರೆ ಆ ಒಂಟೆ ನಡೆಸುವವರಲ್ಲಿ ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು ಎಲ್ಲ ಇದ್ದರು. ನಮ್ಮ ಕಡೆಯವರು ಈ ದಾರಿ ತುಳಿದದ್ದು ನಿನ್ನೆ ಮೊನ್ನೆಯಲ್ಲ.

ಟಾಪ್‌ಗೇರು

ಆ ಒಂಟೆಗಳ ಮರಿಮೊಮ್ಮಕ್ಕಳು ಈಗಲೂ ಕಾಡಲ್ಲಿ ಓಡಾಡ್ತಿವೆ. ರಾತ್ರಿ ರಸ್ತೆ ಮಧ್ಯೆ ಒಂಟೆ ನಿಂತಿದ್ರೆ ಹೆಡ್‌ಲೈಟಿಗೆ ಮೊದಲು ಕಾಣೋದು ಬರೀ ಕಾಲು. ದೇಹ ಮೇಲಿರುತ್ತೆ. ಕಾಂಗರೂಗಿಂತ ನನಗೆ ಅದರ ಭಯವೇ ಜಾಸ್ತಿ.

ಪಾಳಿ_ನರ್ಸ್

ಇತಿಹಾಸ ಆಮೇಲೆ, ಮೊದಲು ಕಾಲಿನ ಕಥೆ ಕೇಳಿ. 20 ಗಂಟೆ ಕಾಲು ಮಡಚಿ ಕೂತ್ರೆ ಪಾದ ಊದ್ಕೊಳ್ಳುತ್ತೆ, ಬೂಟು ಹಾಕೋಕೇ ಆಗಲ್ಲ. ಅದು ಸಣ್ಣ ವಿಷಯ. ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋದು ದೊಡ್ಡ ವಿಷಯ. ನಾಲ್ಕು ಗಂಟೆ ಮೇಲಿನ ಯಾವ ಪ್ರಯಾಣಕ್ಕೂ ಈ ಮಾತು ಹೇಳ್ತೀವಿ, ವಿಮಾನಕ್ಕೆ ಮಾತ್ರ ಅಲ್ಲ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ, ನಿಂತಲ್ಲೆಲ್ಲ ಇಳಿದು ಓಡಾಡಿ. ಬಸ್ಸಲ್ಲಿ ಶೌಚಾಲಯ ಇರುತ್ತೆ, ಅದಕ್ಕೆ ಹೆದರಿ ನೀರು ಕುಡಿಯೋದು ಬಿಡ್ಬೇಡಿ. ಈ ಮುಂಚೆ ಹೆಪ್ಪುಗಟ್ಟಿದ್ದವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನ ಕೇಳಿ ಹೊರಡಬೇಕು. ಒಂದು ಕಾಲು ಮಾತ್ರ ಊದಿ ನೋವು ಬಂದ್ರೆ, ಅಥವಾ ಉಸಿರು ಕಟ್ಟಿದ ಹಾಗಾದ್ರೆ "ನಾಳೆ ನೋಡೋಣ" ಅನ್ಬೇಡಿ, ತಕ್ಷಣ ಡ್ರೈವರ್‌ಗೆ ಹೇಳಿ.

ಆ ದಾರಿಯಲ್ಲಿ ಕೆಲವು ಕಡೆ ರಸ್ತೆ ಅಗಲ ಆಗಿ ಮೇಲೆ ಬಿಳಿ ಪಟ್ಟೆ ಬಳಿದಿರೋದು ಕಾಣುತ್ತೆ. ಅದು ಫ್ಲೈಯಿಂಗ್ ಡಾಕ್ಟರ್, ಅಂದ್ರೆ ದೂರದ ಊರಿನ ರೋಗಿಗಳ ಹತ್ತಿರ ಹಾರಿ ಬರೋ ವೈದ್ಯರ ವಿಮಾನ ಇಳಿಯೋಕೆ. ಹೆದ್ದಾರಿಯನ್ನೇ ತಡೆದು ಇಳಿಸ್ತಾರೆ. ಆಸ್ಪತ್ರೆ ಎಷ್ಟು ದೂರ ಅಂತ ಅದರಲ್ಲೇ ಗೊತ್ತಾಗುತ್ತೆ.

ಸೀಟ್_ನಂಬರ್_ಹದಿಮೂರು

ನಾನು ಆಲಿಸ್‌ನಿಂದ ಟೆನೆಂಟ್ ಕ್ರೀಕ್ ತನಕ ಹೋಗಿದ್ದೆ. ಖುಷಿ ಆಗಲಿಲ್ಲ ಅಂತಾನೇ ಹೇಳ್ತೀನಿ. ಬಸ್ ತುಂಬ ಅಲ್ಲಿನ ಜನ, ಗಂಟುಮೂಟೆ, ಮಕ್ಕಳು, ಗಲಾಟೆ. ಪ್ರವಾಸಿಗರು ಅಂದ್ರೆ ನಾವು ನಾಲ್ಕೈದು ಜನ. ಆಲಿಸ್‌ನಲ್ಲೂ ರಾತ್ರಿ ಓಡಾಡೋಕೆ ಆಗಲ್ಲ, 2024ರಲ್ಲಿ ಮಕ್ಕಳಿಗೆ ಕರ್ಫ್ಯೂನೇ ಹಾಕಿದ್ರು. ಗೊತ್ತಿರಲಿ ಅಂತ ಹೇಳಿದೆ.

ಪಾಳಿ_ನರ್ಸ್

@ಸೀಟ್_ನಂಬರ್_ಹದಿಮೂರು "ಅಲ್ಲಿನ ಜನ" ಬಸ್ಸಲ್ಲಿ ಯಾಕಿರ್ತಾರೆ ಗೊತ್ತಾ? ಅದು ಅವರ ಬಸ್ಸು. ನೂರಾರು ಕಿ.ಮೀ. ದೂರದ ಮೂಲನಿವಾಸಿಗಳ ಹಟ್ಟಿಗಳಿಂದ ಕಿಡ್ನಿ ಡಯಾಲಿಸಿಸ್‌ಗೆ ಅಂತ ಆಲಿಸ್‌ಗೆ ಬಂದು ನೆಲೆಸಿರೋರು ಎಷ್ಟೋ ಜನ. ವಾರಕ್ಕೆ ಮೂರು ಸಲ ಯಂತ್ರಕ್ಕೆ ಕೂರಬೇಕಾದವರು ಊರಿಗೆ ಹೋಗಿ ಬರೋದೇ ಅಪರೂಪ. ಅವರನ್ನ ನೋಡೋಕೆ ಬರೋ ಬಂಧುಗಳು, ಸಾವಿಗೆ ಹೋಗೋರು, ಹೆರಿಗೆಗೆ ಬಂದೋರು, ಇವರಿಗೆಲ್ಲ ವಿಮಾನಕ್ಕೆ ದುಡ್ಡೂ ಇಲ್ಲ, ಕಾರೂ ಇಲ್ಲ. ನೀವು ನೋಡಿದ ಗಂಟುಮೂಟೆ ಆಸ್ಪತ್ರೆಯ ಕಂಬಳಿ ಇರಬಹುದು.

ಸೀಟ್_ನಂಬರ್_ಹದಿಮೂರು

ನಾನು ಯಾರನ್ನೂ ಕೀಳಾಗಿ ಹೇಳಲಿಲ್ಲ. ನಿದ್ದೆ ಬರಲಿಲ್ಲ ಅಂದೆ. ಅದೂ ತಪ್ಪಾ?

ಕೆಂಪುಮಣ್ಣು

ನಿದ್ದೆ ಬರಲಿಲ್ಲ ಅನ್ನೋದು ಬೇರೆ, "ಬಸ್ ತುಂಬ ಅಲ್ಲಿನ ಜನ" ಅನ್ನೋದು ಬೇರೆ. ಆದ್ರೆ ಜಾಗ್ರತೆ ಮಾತನ್ನ ತಳ್ಳಿಹಾಕಲ್ಲ. ಆಲಿಸ್ ಆಗಲಿ ಟೆನೆಂಟ್ ಕ್ರೀಕ್ ಆಗಲಿ, ಬಸ್ ಹೊತ್ತಲ್ಲದ ಹೊತ್ತಲ್ಲಿ ಇಳಿಸಿದ್ರೆ ರೂಮ್ ಮೊದಲೇ ಬುಕ್ ಆಗಿರಲಿ, ಬಾಗಿಲು ತೆಗೆಯೋರು ಇರ್ತಾರಾ ಅಂತ ಫೋನ್ ಮಾಡಿ ಕೇಳಿರಿ. ಸಣ್ಣ ಊರಿನ ಮೋಟೆಲ್‌ಗಳಲ್ಲಿ ರಾತ್ರಿ ಕೌಂಟರಲ್ಲಿ ಯಾರೂ ಇರಲ್ಲ, ಬೀಗದ ಕೈ ಎಲ್ಲಿಟ್ಟಿದ್ದಾರೆ ಅಂತ ಮೊದಲೇ ತಿಳ್ಕೊಂಡಿರಬೇಕು.

ನನ್ನ ಪಕ್ಕ ಒಂದು ಸಲ ವಯಸ್ಸಾದ ಅಜ್ಜಿ ಕೂತಿದ್ರು. ದಾರಿಯುದ್ದಕ್ಕೂ ಕಿಟಕಿಯಿಂದ ಬೆರಳು ತೋರಿಸಿ, ಆ ಗುಡ್ಡ ಯಾರದ್ದು, ಈ ಒಣ ಹೊಳೆಯಲ್ಲಿ ಎಲ್ಲಿ ಅಗೆದ್ರೆ ನೀರು ಸಿಗುತ್ತೆ ಅಂತ ಹೇಳ್ತಾ ಬಂದ್ರು. ನಾನು ನೋಡಿದ್ರೆ ಬರೀ ಪೊದೆ. ರೂಮಿನವರು "ಏನಿದೆ ಮಣ್ಣು" ಅಂದ್ರಲ್ಲ, ಆ ಅಜ್ಜಿ ಪಕ್ಕ ಕೂತಿದ್ರೆ ಹಾಗನ್ನೋಕೆ ಬಾಯಿ ಬರ್ತಿರಲಿಲ್ಲ.

ದಾರಿಹೋಕ

ಇಷ್ಟು ಜನ ಬರೀತೀರ ಅಂತ ಅಂದ್ಕೊಂಡಿರಲಿಲ್ಲ. ಊಟದ ಪ್ರಶ್ನೆಗೆ ಯಾರೂ ಬಾಯಿ ಬಿಡ್ತಿಲ್ಲ, ಅಷ್ಟು ಕಷ್ಟನಾ?

ಕಡಲತಡಿ

ಕಷ್ಟವೇ. ಬಸ್ ನಿಲ್ಲುವುದು ರೋಡ್‌ಹೌಸ್‌ನಲ್ಲಿ. ಪೆಟ್ರೋಲ್ ಬಂಕ್, ಅಂಗಡಿ, ಹೋಟೆಲ್, ಬಾರ್ ಎಲ್ಲ ಒಂದೇ ಸೂರಿನ ಕೆಳಗೆ. ರಾತ್ರಿ ನಿಲ್ಲಿಸಿದರೆ ನೋಡಬೇಕು, ಟ್ಯೂಬ್‌ಲೈಟಿನ ತುಂಬಾ ಹುಳ, ಬಾಗಿಲು ತೆಗೆದರೆ ಒಳಗೂ ಹುಳ. ಕೌಂಟರಿನ ಮೇಲೆ ಗಾಜಿನ ಬೆಚ್ಚಗಿನ ಪೆಟ್ಟಿಗೆ, ಅದರಲ್ಲಿ ಯಾವಾಗ ಮಾಡಿದ್ದೋ ಗೊತ್ತಿಲ್ಲದ ಮಾಂಸದ ಪೈಗಳು. ಮಾಂಸ ತಿನ್ನದವರಿಗೆ ಬಿಸಿ ಚಿಪ್ಸ್, ಚೀಸ್ ಟೋಸ್ಟು. ಚಿಪ್ಸ್ ಕರಿಯುವ ಎಣ್ಣೆಯಲ್ಲೇ ಬೇರೆಯದನ್ನೂ ಕರಿದಿರುತ್ತಾರೆ, ಅದನ್ನು ಕೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಬೆಲೆ ಪಟ್ಟಣಕ್ಕಿಂತ ಜಾಸ್ತಿ. ಅಷ್ಟು ದೂರ ಸಾಮಾನು ಹೊತ್ತು ತರಬೇಕಲ್ಲ, ಆಗಲೇಬೇಕು.

ಬ್ರೆಡ್, ಕಡಲೆಬೀಜ, ಬಿಸ್ಕತ್ತು, ನೀರು ಅಡಿಲೇಡ್‌ನಲ್ಲೇ ತುಂಬಿಕೊಳ್ಳಿ. ಹಣ್ಣಿನ ವಿಷಯ ಮಾತ್ರ ಜಾಗ್ರತೆ. ಸೌತ್ ಆಸ್ಟ್ರೇಲಿಯಾದವರು ಹಣ್ಣಿನ ನೊಣಕ್ಕೆ ಹೆದರುತ್ತಾರೆ, ಉತ್ತರದಿಂದ ಆ ರಾಜ್ಯದ ಒಳಗೆ ಹಣ್ಣು ತರುವ ಹಾಗಿಲ್ಲ, ಸಿಕ್ಕಿಬಿದ್ದರೆ ದಂಡ. ನೀವು ಹೋಗುವುದು ಉತ್ತರಕ್ಕೆ, ಆದರೂ ಯಾವ ರಾಜ್ಯಕ್ಕೆ ಏನು ಒಯ್ಯಬಹುದು ಅಂತ ನೋಡಿಕೊಂಡು ಹೊರಡಿ.

ಟಾಪ್‌ಗೇರು

ಮತ್ತೆ ರೋಡ್‌ಹೌಸಲ್ಲಿ ಇಳಿದಾಗ ಡ್ರೈವರ್ ಎಷ್ಟು ಹೊತ್ತಿಗೆ ಹೊರಡ್ತೀನಿ ಅಂತ ಹೇಳ್ತಾನೆ, ಕಿವಿಗೊಟ್ಟು ಕೇಳಿ. ಹತ್ತುವಾಗ ತಲೆ ಎಣಿಸ್ತಾರೆ, ಆದ್ರೂ ಎಣಿಕೆ ತಪ್ಪೋದಿದೆ. ಎದ್ದು ಹೋಗೋವಾಗ ಪಕ್ಕದವರಿಗೆ ಒಂದು ಮಾತು ಹೇಳಿ ಹೋಗಿ. ಬಸ್ ಬಿಟ್ಟುಹೋದ್ರೆ ಫೋನ್ ಮಾಡೋಣ ಅಂದ್ರೆ ನೆಟ್‌ವರ್ಕ್ ಇರಲ್ಲ. ಊರು ಬಂದಾಗ ಸಿಗ್ನಲ್ ಬರುತ್ತೆ, ಊರು ದಾಟಿದ ಸ್ವಲ್ಪ ಹೊತ್ತಿಗೆ ಹೋಗುತ್ತೆ. ಈ ಮೂಲೆಗಳಲ್ಲಿ ಟೆಲ್‌ಸ್ಟ್ರಾ ಸಿಮ್ ಇದ್ದೋರೇ ಗೆದ್ದೋರು.

ಲೆಕ್ಕದ_ಮೇಷ್ಟ್ರು

ಗಡಿಯಾರದ ವಿಷಯ ಯಾರೂ ಹೇಳಿಲ್ಲ. ಚಳಿಗಾಲದಲ್ಲಿ ಎರಡೂ ಕಡೆ ಒಂದೇ ಸಮಯ. ಜನವರಿಯಲ್ಲಿ ಹಾಗಲ್ಲ. ಸೌತ್ ಆಸ್ಟ್ರೇಲಿಯಾ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಹಾಕುತ್ತೆ, ನಾರ್ದರ್ನ್ ಟೆರಿಟರಿ ಹಾಕಲ್ಲ. ಗಡಿ ದಾಟಿ ಕುಲ್ಗೆರಾ ಬಂದಾಗ ನಿಮ್ಮ ವಾಚು ಒಂದು ಗಂಟೆ ಹಿಂದಕ್ಕೆ. ವೇಳಾಪಟ್ಟಿಯಲ್ಲಿ ಆಯಾ ಊರಿನ ಸಮಯ ಹಾಕಿರ್ತಾರೆ. ಎಷ್ಟು ಗಂಟೆ ಪ್ರಯಾಣ ಅಂತ ಕಳೆದು ನೋಡಿದ್ರೆ ಒಂದು ಗಂಟೆ ಕಮ್ಮಿ ಬರೋದು ಅದಕ್ಕೇ.

ದಾರಿಹೋಕ

ಹಾಗಾದ್ರೆ ಹೀಗೆ ಮಾಡ್ತೀನಿ. ಅಡಿಲೇಡ್‌ನಿಂದ ಸಂಜೆ ಬಸ್, ಕೂಬರ್ ಪೀಡಿಯಲ್ಲಿ ಇಳೀತೀನಿ. ಅಲ್ಲಿಂದ ಆಲಿಸ್ ಹಗಲಲ್ಲಿ. ಆಲಿಸ್‌ನಲ್ಲಿ ಸ್ವಲ್ಪ ದಿನ. ಆಮೇಲೆ ಕ್ಯಾಥರಿನ್, ಅಲ್ಲಿಂದ ಡಾರ್ವಿನ್. ಉಲುರು ಈ ಸಲ ಬೇಡ. ಸೇರೋ ದಿನಕ್ಕೆ ಒಂದು ವಾರ ಮುಂಚೆ ಮುಟ್ಟೋ ಹಾಗೆ. ಸರಿನಾ?

ಕೆಂಪುಮಣ್ಣು

ಸರಿಯಾಗಿದೆ. ಸಂಜೆ ಬಸ್ಸಾದ್ರೆ ಕೂಬರ್ ಪೀಡಿ ಬರೋದು ನಸುಕಲ್ಲಿ, ಅದು 850 ಕಿ.ಮೀ. ಸುತ್ತಲೂ ಬಿಳಿ ಮಣ್ಣಿನ ಗುಪ್ಪೆಗಳು ಸಾವಿರಗಟ್ಟಲೆ, ಓಪಲ್ ಅನ್ನೋ ರತ್ನದ ಕಲ್ಲು ಹುಡುಕಿ ಅಗೆದು ಹಾಕಿದ್ದು. 1915ರಿಂದ ಅಗೀತಾನೇ ಇದ್ದಾರೆ. ಗುಡ್ಡದೊಳಗೆ ಕೊರೆದ ಮನೆ, ಹೋಟೆಲ್, ಚರ್ಚು ಎಲ್ಲ ಇವೆ. ಹೊರಗೆ 45 ಇದ್ರೂ ಒಳಗೆ 25ರ ಆಸುಪಾಸು, ಎ.ಸಿ. ಬೇಡ. ರೂಮು ನೆಲದಡಿಯದ್ದೇ ತಗೊಳ್ಳಿ, ಜನವರಿಯಲ್ಲಂತೂ. ಗಣಿ ಬಯಲಲ್ಲಿ ಫೋಟೋ ತೆಗೀತಾ ಹಿಂದೆ ಹಿಂದೆ ಹೆಜ್ಜೆ ಇಡ್ಬೇಡಿ, ಅಲ್ಲಿ ಬೋರ್ಡ್ ಹಾಕಿರೋದೂ ಅದನ್ನೇ. ಮುಚ್ಚದೇ ಬಿಟ್ಟ ಗುಂಡಿಗಳಿಗೆ ಲೆಕ್ಕ ಇಲ್ಲ.

ಊರು ದಾಟಿ ಉತ್ತರಕ್ಕೆ ಹೋಗ್ತಾ ಒಂದು ತಂತಿ ಬೇಲಿ ರಸ್ತೆಗೆ ಅಡ್ಡ ಬರುತ್ತೆ. ಕಣ್ಣು ಮಿಟುಕಿಸಿದ್ರೆ ಹೋಯ್ತು. ಅದೇ ಡಿಂಗೊ ಬೇಲಿ, 5,600 ಕಿ.ಮೀ. ಉದ್ದ. ಕುರಿಗಳನ್ನ ಕಾಡುನಾಯಿಯಿಂದ ಉಳಿಸೋಕೆ ಕಟ್ಟಿದ್ದು.

ಸ್ವೆಟರ್ ಇಟ್ಕೊಳ್ಳಿ. ಹೊರಗೆ ಕಾದ ಹಂಚು, ಬಸ್ ಒಳಗೆ ಎ.ಸಿ. ನಡುಗಿಸುತ್ತೆ.

ಹುಬ್ಬಳ್ಳಿಯಾಕಿ

ಯಾವ ಕಡೆ ಕಿಟಕಿ ತಗೋಬೇಕ್ರಿ? ಅದನ್ನ ಹೇಳ್ರಿ ಮದ್ಲ.

ಲೆಕ್ಕದ_ಮೇಷ್ಟ್ರು

ಉತ್ತರಕ್ಕೆ ಹೋಗೋದು, ಅಂದ್ರೆ ಎಡಗಡೆ ಪಶ್ಚಿಮ. ಮಧ್ಯಾಹ್ನದ ಮೇಲೆ ಬಿಸಿಲು ಎಡಗಡೆಗೆ ಹೊಡೆಯುತ್ತೆ. ಬಲಗಡೆ ತಗೊಳ್ಳಿ. ನಡುಹಗಲಲ್ಲಿ ಹೇಗೂ ಸೂರ್ಯ ಉತ್ತರಕ್ಕೆ, ಅಂದ್ರೆ ಡ್ರೈವರ್ ಎದುರಿಗೆ. ದಕ್ಷಿಣಾರ್ಧಗೋಳ ಅಲ್ವಾ.

ಕಡಲತಡಿ

ಮೇಷ್ಟ್ರೇ, ಜನವರಿಯಲ್ಲಿ ಡಾರ್ವಿನ್‌ನಲ್ಲಿ ನಡುಹಗಲಿಗೆ ಸೂರ್ಯ ದಕ್ಷಿಣಕ್ಕಿರುತ್ತಾನೆ. ಮಕರ ವೃತ್ತ ಇರುವುದು ಆಲಿಸ್‌ನಿಂದ ಸ್ವಲ್ಪ ಉತ್ತರಕ್ಕೆ, ರಸ್ತೆ ಪಕ್ಕ ಗುರುತಿನ ಕಂಬವೂ ಇದೆ. ಅದಕ್ಕಿಂತ ಉತ್ತರದ ಊರುಗಳಿಗೆಲ್ಲ ವರ್ಷದಲ್ಲಿ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ.

ಲೆಕ್ಕದ_ಮೇಷ್ಟ್ರು

ಹ್ಞಾಂ, ಅದು ಸರಿ. ಇವರು ಹೋಗೋ ಜನವರಿ ಮೂರನೇ ವಾರದಲ್ಲಿ ಸೂರ್ಯ 20 ಡಿಗ್ರಿ ದಕ್ಷಿಣದ ಹತ್ತಿರ. ಟೆನೆಂಟ್ ಕ್ರೀಕ್ ಕೂಡ ಹೆಚ್ಚುಕಡಿಮೆ ಅಲ್ಲೇ. ಅಂದ್ರೆ ಅಲ್ಲಿ ನಡುಹಗಲು ಬಸ್ಸಿಂದ ಇಳಿದ್ರೆ ಕಾಲಡಿಗೇ ನೆರಳು. ಆದ್ರೂ ಮಧ್ಯಾಹ್ನದ ಮೇಲಿನ ಬಿಸಿಲು ಎಡಕ್ಕೇ. ಬಲಗಡೆ ಅನ್ನೋದು ಬದಲಾಗಲ್ಲ.

ಗೊಡ್ಡುವಾದಿ

ವಿಮಾನದಲ್ಲೂ ಬಲಗಡೆ ಕಿಟಕಿ ಸಿಗುತ್ತೆ.

ಟಾಪ್‌ಗೇರು

@ಗೊಡ್ಡುವಾದಿ ನೀನು ಹತ್ತು ಮಾರಾಯ, ಇವರನ್ನ ಬಿಡು.

@ದಾರಿಹೋಕ ಎಡ ಬಲ ಅಂತ ತಲೆ ಕೆಡಿಸ್ಕೋಬೇಡಿ, ಮುಂದಿನ ಸಾಲು ಖಾಲಿ ಇದ್ರೆ ಅಲ್ಲಿ ಕೂರಿ. ಎದುರಿನ ಗಾಜಿಂದ ಕಾಣೋದೇ ಬೇರೆ. ಬೆಳಗ್ಗೆ ಹೊತ್ತು ಸತ್ತ ಕಾಂಗರೂ ಮೇಲೆ ದೊಡ್ಡ ಹದ್ದು ಕೂತಿರುತ್ತೆ, ರೆಕ್ಕೆ ಬಿಚ್ಚಿದ್ರೆ ಎರಡು ಮೀಟರ್ ಮೇಲೆ. ಹೊಟ್ಟೆ ತುಂಬಿರುತ್ತಲ್ಲ, ಬೇಗ ಏಳೋಕೆ ಆಗಲ್ಲ. ಬಸ್ ಇನ್ನೇನು ಬಂತು ಅನ್ನೋವಾಗ ನಾಲ್ಕು ಹೆಜ್ಜೆ ಕುಪ್ಪಳಿಸಿ ಭಾರವಾಗಿ ಮೇಲೇಳುತ್ತೆ. ಡ್ರೈವರ್ ಅದಕ್ಕೇ ಅಂತ ವೇಗ ಇಳಿಸ್ತಾನೆ, ಗಾಜಿಗೆ ಬಡಿದ್ರೆ ಗಾಜು ಉಳಿಯಲ್ಲ. ಸೀಟ್‌ಬೆಲ್ಟ್ ಹಾಕಿರಿ, ಇದ್ದಲ್ಲಿ ಹಾಕಲೇಬೇಕು ಅಂತ ಕಾನೂನೇ ಇದೆ.

ಪಾಳಿ_ನರ್ಸ್

ಕ್ಯಾಥರಿನ್‌ನಲ್ಲಿ ಇಳಿದಾಗ ನಿಟ್ಮಿಲುಕ್ ಕಣಿವೆಗೆ ಹೋಗೋ ಯೋಚನೆ ಇದ್ದೀತು. ಊರಿಂದ 30 ಕಿ.ಮೀ. ಮಳೆಗಾಲದಲ್ಲಿ ನೀರು ಏರಿದ್ರೆ ಉಪ್ಪುನೀರಿನ ಮೊಸಳೆ ಒಳಗೆ ಬಂದಿರುತ್ತೆ, ಆಗ ಈಜೋಕೆ ಬಿಡಲ್ಲ. ಬೋರ್ಡ್ ಓದದೆ ಯಾವ ನೀರಿಗೂ ಇಳೀಬೇಡಿ, ಎಷ್ಟೇ ಸೆಕೆ ಇರಲಿ.

ದಾರಿಹೋಕ

ಕೂಬರ್ ಪೀಡಿ ತನಕ ಟಿಕೆಟ್ ತಗೊಂಡೆ. ಬಲಗಡೆ, ಮುಂದಿಂದ ಎರಡನೇ ಸಾಲು. ನೆಲದಡಿ ರೂಮೂ ಆಯ್ತು. ಉಳಿದದ್ದು ರಸ್ತೆ ಸುದ್ದಿ ನೋಡ್ಕೊಂಡು ತಗೋತೀನಿ. ದೊಡ್ಡ ಪೆಟ್ಟಿಗೆಗಳನ್ನ ಸಾಗಣೆಯವರ ಹತ್ತಿರ ಕಳಿಸಬಹುದಾ, ಬಸ್ಸಲ್ಲೇ ಹಾಕೋದಾ?

ಟಾಪ್‌ಗೇರು

ಪುಸ್ತಕ, ಪಾತ್ರೆ ಎಲ್ಲ ಲಾರಿಗೆ ಹಾಕಿ. ಬಸ್ಸಿಗೆ ಒಂದು ಚೀಲ ಸಾಕು, ಇಳಿದು ಹತ್ತೋನು ನೀನೇ ತಾನೆ. ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ಔಷಧಿ ಕೆಳಗಿನ ಡಿಕ್ಕಿಗೆ ಹಾಕ್ಬೇಡ, ಕಾಲ ಹತ್ತಿರ ಇಟ್ಕೋ.

ಸೀಟ್_ನಂಬರ್_ಹದಿಮೂರು

ಇಯರ್‌ಪ್ಲಗ್ ತಗೊಳ್ಳಿ. ಇದಕ್ಕಾದ್ರೂ ಯಾರೂ ಬೈಯಲ್ಲ ಅಂದ್ಕೋತೀನಿ.

ಪಾಳಿ_ನರ್ಸ್

ಬೈಯಲ್ಲ. ನಾನೂ ತಗೊಂಡೇ ಹೋಗೋದು.

ಹುಬ್ಬಳ್ಳಿಯಾಕಿ

ಇದೇ ಎಳಿಯೊಳಗ ಕೇಳಿಬಿಡ್ತೀನಿ, ಪೋರ್ಟ್ ಅಗಸ್ಟಾದಿಂದ ನಲ್ಲರ್ಬಾರ್ ದಾಟಿ ಪರ್ತ್‌ಗೆ ಹೋಗೋದು ಹೆಂಗ್ರಿ? ಅಲ್ಲಿ 146 ಕಿ.ಮೀ. ಒಂದೂ ತಿರುವಿಲ್ಲದ ರಸ್ತೆ ಐತಂತ.

ಮೈಸೂರ್_ಮಾವ

ಅದಕ್ಕೆ ಬೇರೆ ಎಳೆ ತೆಗಿಯಮ್ಮ. ಇಲ್ಲಿ ಶುರು ಮಾಡಿದರೆ ಗೊಡ್ಡುವಾದಿ ಮತ್ತೆ ವಿಮಾನ ತರುತ್ತಾನೆ.